ಪ್ರಮೀಳಕ್ಕನ ದನಿಗೆ ನಾನು ಮಾಡಿದ ರಿಪೇರಿ

ಐವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿಯುವವರಲ್ಲಿ, ಏನೂ ತಿಳಿಯದೆ ಸುಮ್ಮನೆ ಕೂತವರಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆಯೆಲ್ಲ ನನ್ನಂತೆ ತುಸು ತಿಳಿದವರಿಂದ. ರಾಯಾಪುರದ ಹತ್ತಿರ ನಮ್ಮದೊಂದು ಸಣ್ಣ ಸಮುದಾಯ ರೇಡಿಯೊ ಕೇಂದ್ರವಿದೆ. ಅಲ್ಲಿ ಮೈಕಿನ ಮುಂದೆ ಕೂತು ಮಾತಾಡುವುದಷ್ಟೇ ನನ್ನ ಕೆಲಸವಾಗಿತ್ತು. ಧ್ವನಿ ತಿದ್ದುತ್ತಿದ್ದ ಇಂಜಿನಿಯರು ಬೇರೆ ಊರು ಸೇರಿದ ಮೇಲೆ, ನಮ್ಮ ಮುಖ್ಯಸ್ಥರು ಒಂದು ಸಾಫ್ಟ್‌ವೇರ್ ತೋರಿಸಿ, "ಇನ್ನ ಇದನ್ನ ನೀವ ನೋಡ್ಕೋರಿ, ಪಾಟೀಲ್ರ" ಎಂದುಬಿಟ್ಟರು.

ಅದರಲ್ಲಿ ಮಾತು ಕಣ್ಣಿಗೆ ಕಾಣುತ್ತದೆ. ಗೆರೆ ಉಬ್ಬಿದಲ್ಲಿ ದನಿ, ತಗ್ಗಿದಲ್ಲಿ ಉಸಿರು. ಬೇಡವಾದದ್ದನ್ನು ಕತ್ತರಿಸಿ ಒಗೆಯಬಹುದು ಎಂದು ಗೊತ್ತಾದ ದಿನದಿಂದ ನನ್ನ ಕೈ ನಿಲ್ಲಲಿಲ್ಲ. ಡಾಕ್ಟರೊಬ್ಬರು ದಮ್ಮಿನ ಕಾಯಿಲೆಯ ಬಗ್ಗೆ ಮಾತಾಡಿದ್ದರು. ಅವರ ಉಸಿರುಗಳನ್ನೆಲ್ಲ ಹುಡುಕಿ ಹುಡುಕಿ ತೆಗೆದೆ. ಪ್ರಸಾರವಾದ ದಿನ ಮನೆಗೆ ಬಂದರೆ ನನ್ನ ಹೆಂಡತಿ, "ಆ ಡಾಕ್ಟ್ರು ಉಸರ ತಗೋಳ್ಳೂದಿಲ್ಲೇನ್ರಿ? ಕೇಳಿ ಕೇಳಿ ನನಗ ದಮ್ಮು ಹತ್ತಿತು" ಎಂದಳು.

ಇಂಥ ನನ್ನ ಬಳಿಗೆ ಪ್ರಮೀಳಕ್ಕ ಬಂದರು. ಬೆಳಗಿನ ಅಡುಗೆ ಹರಟೆ ಅವರದೇ ಕಾರ್ಯಕ್ರಮ. ಅವರ ದನಿ ಕೇಳಿಯೇ ಒಲೆ ಹಚ್ಚುವ ಮನೆಗಳಿದ್ದವು. ಗಂಟಲಿನ ಆಪರೇಷನ್ ಆಗಿ ಹಲವು ತಿಂಗಳು ರಜೆಯಲ್ಲಿದ್ದರು. ಈಗ ಮರಳಿ ಬಂದಿದ್ದರು, ಆದರೆ ಹಳೆಯ ದನಿ ಬಂದಿರಲಿಲ್ಲ. ಮಾತು ಒಡಕಾಗಿ, ನಡುನಡುವೆ ಗಾಳಿಯಷ್ಟೇ ಹೊರಡುತ್ತಿತ್ತು. ಇನ್ನು ಹೀಗೇ ಇರುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ.

"ನಿಮ್ಮ ಕಂಪ್ಯೂಟರ್‌ನ್ಯಾಗ ಎಲ್ಲಾ ಆಗತೈತಂತಲ್ಲರಿ. ನನ್ನ ದನಿ ಒಂದೀಟು ಸುಧಾರಿಸಿ ಕೊಡ್ರಿ" ಎಂದು ನಕ್ಕರು. ನಗು ಬೇಗ ಮುಗಿಯಿತು. "ಬ್ಯಾರೆ ಯಾರನ್ನರೆ ಕೂಡಸ್ರಿ ಅಂತ ಜನ ಅನ್ನಬಾರದು. ಅಷ್ಟ ನೋಡ್ರಿ" ಎಂದರು.

ಅಕ್ಕನ ಮಾತು ರೆಕಾರ್ಡ್ ಮಾಡಿಕೊಂಡು ಕೂತೆ. ಹಿನ್ನೆಲೆಯ ಸದ್ದು ತೆಗೆಯಬೇಕಾದರೆ, ತೆಗೆಯಬೇಕಾದದ್ದು ಯಾವುದು ಎಂದು ಸಾಫ್ಟ್‌ವೇರಿಗೆ ಮೊದಲು ಒಂದು ಚೂರು ತೋರಿಸಬೇಕು. ಫ್ಯಾನಿನ ಸದ್ದು ತೋರಿಸುವ ಬದಲು ನಾನು ಅವಸರದಲ್ಲಿ ಅಕ್ಕನ ಮಾತನ್ನೇ ತೋರಿಸಿದೆ. ಹೇಳಿದಂತೆ ಕೇಳುವ ಯಂತ್ರ ಅದು. ಅಕ್ಕನನ್ನು ಪೂರ್ತಿ ಒರೆಸಿ ಹಾಕಿ, ಫ್ಯಾನನ್ನು ಉಳಿಸಿಕೊಟ್ಟಿತು. ಮತ್ತೆ ಮೊದಲಿನಿಂದ ಹಿಡಿದೆ. ಒಡಕು ಮುಚ್ಚಿದೆ, ದನಿ ತುಂಬಿದೆ, ಮೆರುಗು ಕೊಟ್ಟೆ. ಸಂಜೆಯ ಹೊತ್ತಿಗೆ ಬ್ಯಾಂಕಿನ ಜಾಹೀರಾತಿನಲ್ಲಿ ಕೇಳಿಬರುವಂಥ ದನಿಯೊಂದು ತಯಾರಾಯಿತು. ಹೆಮ್ಮೆಯಿಂದ ಅಕ್ಕನ ಮೊಬೈಲಿಗೆ ಕಳಿಸಿದೆ.

ಮರುದಿನ ಬಂದವರು ಕುರ್ಚಿ ಎಳೆದುಕೊಂಡು ಕೂತರು. "ಮನ್ಯಾಗ ಹಚ್ಚಿದ್ದೆರಿ. ನಮ್ಮ ಮನಿಯವ್ರು ಕೇಳಿ ಏನಂದ್ರು ಗೊತ್ತೇನ್ರಿ? ಛಲೋ ಮಾತಾಡ್ತಾಳ, ನಿನ್ನ ಜಾಗಾಕ್ಕ ಯಾರನ್ನ ತಗೊಂಡಾರ, ಅಂದ್ರು."

ನಾನು ಹಳೆಯ ಫೈಲು ಹುಡುಕತೊಡಗಿದೆ. ಅಕ್ಕ ತಾವೇ ಮುಂದುವರಿಸಿದರು: "ಭಾಳ ಕೆಟ್ಟನಿಸ್ತು. ಆಮ್ಯಾಲೆ ವಿಚಾರ ಮಾಡಿದೆ. ರೇಡಿಯೋದಾಗ ನಿಮ್ಮ ಕಂಪ್ಯೂಟರಿನ ಆಕಿ ಮಾತಾಡಿದ್ರ, ನಾಳಿ ಬಜಾರದಾಗ ಯಾರರೆ ಗುರ್ತಾ ಹಿಡಿದು ಮಾತಾಡಿಸಿದ್ರ ನಾ ಬಾಯಿ ಮುಚ್ಚಿಕೊಂಡ ನಿಂದರಬೇಕಾಗತೈತಿ. ಇದ್ದದ್ದು ಇದ್ದಂಗ ಬಿಡ್ರಿ. ಫ್ಯಾನ್ ಅಷ್ಟ ತಗೀರಿ."

ಫ್ಯಾನನ್ನಷ್ಟೇ ತೆಗೆದೆ, ಈ ಸಲ ಎರಡೆರಡು ಸಲ ನೋಡಿಕೊಂಡು.

ಪ್ರಸಾರದ ದಿನ ಅಕ್ಕ ಫೋನಿನ ಪಕ್ಕದಲ್ಲೇ ಕೂತಿದ್ದರು. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ. ಕಾರ್ಯಕ್ರಮ ಮುಗಿದ ಕೂಡಲೇ ಗೋಕುಲ ರಸ್ತೆಯ ಹೆಣ್ಣುಮಗಳೊಬ್ಬಳು ಫೋನ್ ಮಾಡಿದಳು. "ಅಕ್ಕಾರ, ಇಷ್ಟ ದಿನ ಎಲ್ಲಿದ್ರಿ? ದನಿ ಯಾಕ ಹಿಂಗಾಗೇತ್ರಿ?"

"ಗಂಟಲಾ ಆಪರೇಷನ್ ಆತವಾ. ಇನ್ನ ಹಿಂಗ ಇರತೈತಿ. ನಡೀತೈತಿಲ್ಲೊ?"

"ನಡೀಲಾರದೇನ್ರಿ. ಹೋದ ಸಲ ಕೆಂಪ ಮೆಣಸಿನಕಾಯಿ ರಂಜಕಾ ಹೇಳ್ತೇನಿ ಅಂದು ಹಂಗ ಹೋಗೀರಿ. ಅದನ್ನ ಮೊದಲ ಹೇಳ್ರಿ."

ಕೇಶ್ವಾಪುರದ ಅಜ್ಜ ಒಬ್ಬರು, ಮೊದಲು ನೀನು ಬಹಳ ಲಗೂ ಲಗೂ ಮಾತಾಡುತ್ತಿದ್ದೆ, ಈಗ ನನಗೆ ಎಲ್ಲ ತಿಳಿಯುತ್ತದೆ ಎಂದರಂತೆ. ಗಂಟಲಿಗೆ ಮೆಣಸಿನ ಕಷಾಯ ಹೇಳಿದವರು ಕೆಲವರು, ಜ್ಯೇಷ್ಠಮಧು ಹೇಳಿದವರು ಕೆಲವರು. ಅಕ್ಕ ಎಲ್ಲರಿಗೂ ಆ ಒಡಕು ದನಿಯಲ್ಲೇ ಉತ್ತರ ಕೊಟ್ಟರು. ಸೆರಗು ಬೆರಳಿನಿಂದ ಯಾವಾಗ ಜಾರಿತೋ, ನಾನೂ ನೋಡಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಆ ಕಾರ್ಯಕ್ರಮದ ಮೊದಲು, ಅಕ್ಕನನ್ನು ಸ್ವಾಗತಿಸಿ ನಾನು ನಾಲ್ಕು ಮಾತು ಆಡಿದ್ದೆ. ಅಕ್ಕನ ಮೇಲೆ ಪ್ರಯೋಗಿಸಿ ಮಿಕ್ಕಿದ ವಿದ್ಯೆಯನ್ನೆಲ್ಲ ಅದಕ್ಕೆ ಸುರಿದು, ನನ್ನ ದನಿಗೆ ಒಳ್ಳೇ ಗಾಂಭೀರ್ಯ ತಂದುಕೊಂಡಿದ್ದೆ. ಯಾರಾದರೂ ಗಮನಿಸಿರಬಹುದೇ ಎಂಬ ಆಸೆಯಿಂದ ಫೋನಿನ ಸುತ್ತಲೇ ಸುಳಿದಾಡುತ್ತಿದ್ದೆ.

ಕೊನೆಯ ಫೋನ್ ಇಟ್ಟು ಅಕ್ಕ ನನ್ನತ್ತ ತಿರುಗಿದರು. "ಪಾಟೀಲ್ರ, ನಿಮ್ಮನ್ನೂ ಒಬ್ರು ಕೇಳಿದ್ರರಿ."

"ಏನಂದ್ರರಿ?"

"ಮೊದಲ ಮಾತಾಡಿದವ್ರು ಯಾರು, ನೆಲದಾಗಿನ ಜ್ವಾಳದ ಹಗೇದಾಗ ಇಳಿದು ಮಾತಾಡಿದಂಗಿತ್ತು, ಅವರನ್ನ ಮ್ಯಾಲೆ ತಗದ್ರಿಲ್ಲೊ, ಅಂತ ಕೇಳಿದ್ರು."

"ಕಂಪ್ಯೂಟರ್ ಯಾಕೋ ಕೆಟ್ಟಂಗ ಕಾಣ್ತೈತ್ರಿ, ಅಕ್ಕಾರ" ಎಂದೆ.

"ಹೌದೇಳ್ರಿ" ಎಂದರು ಪ್ರಮೀಳಕ್ಕ. ಅಷ್ಟು ಸ್ಪಷ್ಟವಾಗಿ ಅವರು ಆಪರೇಷನ್ನಿನ ಮೊದಲೂ ಮಾತಾಡಿದ್ದು ನನಗೆ ನೆನಪಿಲ್ಲ.