ತರ್ಲೆಗೆ ಹಲ್ಲುಸೆಟ್ಟು

"ಇನ್ಮೇಲೆ ಈ ಮನೇಲಿ ಯಾರ ಬಾಯೂ ನಾರಬಾರದು! ನಾಯಿದೂ ಅಷ್ಟೇ!" ಎಂದು ಮೇಸ್ತ್ರಿಗಳು ಬೆಳಿಗ್ಗೆ ಬೆಳಿಗ್ಗೆಯೇ ಘೋಷಿಸಿಬಿಟ್ಟರು. ಕಟ್ಟುಹಲ್ಲಿನ ಸೆಟ್ಟು ಮಾಡುವುದರಲ್ಲಿ ಮೂವತ್ತು ವರ್ಷ ಕೈ ಪಳಗಿದವರು ಅವರು. ಬೀದಿಯಲ್ಲಿ ಯಾವ ಹಿರಿಯರು ನಕ್ಕರೂ "ಅದು ನನ್ನ ಕೆಲಸ" ಎಂದು ಎದೆಯುಬ್ಬಿಸುವವರು. ನಾಲ್ಕೂವರೆ ತಿಂಗಳ ನಾಯಿಮರಿ ತರ್ಲೆಯ ಬಾಯಿ ಅವರಿಗೆ ಯಾವ ಮಹಾ!

"ರೀ, ಮೊದಲು ನಾಯಿ ಡಾಕ್ಟ್ರನ್ನ ಒಂದು ಮಾತು ಕೇಳಿ" ಎಂದರು ಹೆಂಡತಿ.

"ಹಲ್ಲಿನ ವಿಷಯಾನ ನಾನು ಇನ್ನೊಬ್ಬರನ್ನ ಕೇಳೋದಾ?"

ಬೆರಳಿಗೆ ಒದ್ದೆ ಬಟ್ಟೆ ಸುತ್ತಿ, ತರ್ಲೆಯನ್ನು ತೊಡೆಯ ಮೇಲೆ ಮಲಗಿಸಿ, ಮೇಸ್ತ್ರಿಗಳು ಉಜ್ಜತೊಡಗಿದರು. ಮೇಲಿನ ಸಾಲು ಮುಗಿಯಿತು. ಕೆಳಗಿನ ಸಾಲಿಗೆ ಬೆರಳು ಹೋದದ್ದೇ ತಡ, ಬಟ್ಟೆಗೆ ಅಂಟಿಕೊಂಡು ಪುಟಾಣಿ ಹಲ್ಲೊಂದು ಈಚೆ ಬಂತು!

ಮೇಸ್ತ್ರಿಗಳು ಗಾಬರಿಯಿಂದ ಮರಿಯ ಬಾಯಿ ಅಗಲಿಸಿದರು. ಬಗ್ಗಿ ನೋಡಿದರೆ ಪಕ್ಕದ ಎರಡು ಹಲ್ಲೂ ನಾಪತ್ತೆ! ಅಯ್ಯೋ, ಹಲ್ಲು ಕಟ್ಟುವ ಕೈಯಿಂದಲೇ ಈ ಕೂಸು ಬೊಚ್ಚುಬಾಯಿ ಆಯಿತೇ? ಉದುರಿದ ಹಲ್ಲನ್ನು ಜೇಬಿಗೆ ಸೇರಿಸಿದರು. ಆದದ್ದಾಯಿತು, ಹೆಂಡತಿಗೆ ಗೊತ್ತಾಗುವ ಮುಂಚೆ ತರ್ಲೆಗೊಂದು ಸೆಟ್ಟು ಕಟ್ಟಿಬಿಡುವುದು!

ಹಲ್ಲಿನ ಅಳತೆ ತೆಗೆಯುವ, ಬಾಯಲ್ಲಿ ಅಲುಗದೆ ಇದ್ದರೆ ಗಟ್ಟಿಯಾಗಿ ಅಚ್ಚು ಹಿಡಿಯುವ ಗುಲಾಬಿ ಪುಡಿಯನ್ನು ನೀರಲ್ಲಿ ಕಲಸಿ, ಪುಟ್ಟ ತಗಡಿಗೆ ಮೆತ್ತಿ, ಬಾಯಿಗೆ ಇಟ್ಟರು. ತರ್ಲೆ ಗಬಕ್ಕನೆ ಕಚ್ಚಿಕೊಂಡಿತು. ತಗಡಿನ ಸಮೇತ ಓಟ ಕಿತ್ತಿತು! ದಿಂಬು ಗುಲಾಬಿ, ಪರದೆ ಗುಲಾಬಿ, ಹಿಂದೆ ಓಡಿದ ಮೇಸ್ತ್ರಿಗಳ ಮೀಸೆಯೂ ಗುಲಾಬಿ! ಕೊನೆಗೆ ಮರಿ ಸೋಫಾ ಕೆಳಗೆ ನುಗ್ಗಿ, ತಗಡು ಕಚ್ಚಿಕೊಂಡೇ ಕೂತಿತು.

"ಏನ್ರೀ ಅದು, ಮರಿ ಬಾಯಲ್ಲಿ?"

"ಏನಿಲ್ವೇ... ಸ್ವಲ್ಪ ಅಳತೆ."

"ಯಾವುದರದ್ದು?"

"ಸೆಟ್ಟಿಂದು."

"ನಾಯಿಗೆ ಹಲ್ಲುಸೆಟ್ಟಾ?! ನಡೀರಿ ಆಸ್ಪತ್ರೆಗೆ!"

ತರ್ಲೆ ತಾನಾಗಿ ಉಗಿದ ತಗಡನ್ನೂ ಜೇಬಿನಲ್ಲಿದ್ದ ಹಲ್ಲನ್ನೂ ಡಾಕ್ಟರಮ್ಮನ ಮೇಜಿನ ಮೇಲಿಟ್ಟು ಮೇಸ್ತ್ರಿಗಳು ತಲೆ ತಗ್ಗಿಸಿದರು. "ಡಾಕ್ಟ್ರೇ, ತಪ್ಪು ನಂದೇ. ಮೂರು ಹಲ್ಲು ಉದುರಿಸಿಬಿಟ್ಟೆ."

ಡಾಕ್ಟರಮ್ಮ ನಕ್ಕರು. "ಹಾಲುಹಲ್ಲು ಕಣ್ರೀ ಇವು! ಈ ವಯಸ್ಸಿಗೆ ತಾವಾಗೇ ಬೀಳ್ತವೆ. ನಿಮಗೇ ಹೊಳೀಲಿಲ್ವಾ?"

"ನನ್ನ ಹತ್ರ ಬರೋರಿಗೆ ಹೋದ ಹಲ್ಲು ಮತ್ತೆ ಬರಲ್ಲ, ಡಾಕ್ಟ್ರೇ."

ಮೇಸ್ತ್ರಿಗಳು ಮರಿಯ ತುಟಿ ಸರಿಸಿ ನೋಡಿದರು. ವಸಡಿನಿಂದ ಬೆಳ್ಳಗಿನ ಮೊನೆಯೊಂದು ಇಣುಕುತ್ತಿತ್ತು. ಯಾರೂ ಕಟ್ಟದೆ ಬಂದ ಹಲ್ಲು! ಅವರ ಕಣ್ಣು ತುಂಬಿಬಂತು.

ಅಷ್ಟರಲ್ಲಿ ಡಾಕ್ಟರಮ್ಮ ತಗಡನ್ನು ಬೆಳಕಿಗೆ ಹಿಡಿದರು. "ಅಬ್ಬಾ! ಒಂದೊಂದು ಹಲ್ಲಿನ ಗುರುತೂ ಎಷ್ಟು ಸ್ಪಷ್ಟವಾಗಿ ಬಂದಿದೆ! ಇಂಥ ಅಚ್ಚು ನಾನು ನೋಡೇ ಇಲ್ಲ."

ಕುಗ್ಗಿದ ಎದೆ ಮತ್ತೆ ಉಬ್ಬಿತು. "ಮೂವತ್ತು ವರ್ಷದ ಕೈ, ಡಾಕ್ಟ್ರೇ! ನಾನು ಮುಟ್ಟಿದೆ ಅಂದ್ರೆ—"

"ಇವರ ಕೈಚಳಕ ಏನೂ ಇಲ್ಲ, ಡಾಕ್ಟ್ರೇ" ಎಂದರು ಹೆಂಡತಿ. "ಮರಿ ಮೂರು ನಿಮಿಷ ಬಾಯಿ ಮುಚ್ಕೊಂಡು ಕೂತಿತ್ತು. ಇವರಿಗೆ ಬರದೇ ಇರೋ ವಿದ್ಯೆ ಅದೊಂದೇ!"