ಕಾಕಾನ ಹೆಬ್ಬೆರಳು

ಹಿರಿಯರ ಕಾಲು ಮುಟ್ಟಿ ನಮಸ್ಕರಿಸುವುದು ಎಲ್ಲರ ಮನೆಯ ಪದ್ಧತಿ. ನಮ್ಮಲ್ಲಿ ಮಾತ್ರ ಹಿರಿಯರೇ ಬಗ್ಗಿ ಕಿರಿಯರ ಕಾಲು ಹಿಡಿಯುತ್ತಾರೆ! ಹಿರಿಯರೆಂದರೆ ಎಲ್ಲರೂ ಅಲ್ಲ, ಮಾಳಮಡ್ಡಿಯ ನಮ್ಮ ಕಾಕಾ ಒಬ್ಬರೇ. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ನೀವು ನಮಸ್ಕಾರಕ್ಕೆ ಬಗ್ಗಿದರೆ ಅವರೂ ಬಗ್ಗಿ, ನಿಮ್ಮ ಕಣಕಾಲನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಅಲ್ಲಿ ಕುಳಿ ಉಳಿದಿದೆಯೇ ಎಂದು ನೋಡುತ್ತಾರೆ. ಆಶೀರ್ವಾದವೇನಿದ್ದರೂ ಆಮೇಲೆ. ತಲೆಗೆ ತಲೆ ಎಷ್ಟು ಸಲ ಡಿಕ್ಕಿ ಹೊಡೆದಿದೆಯೋ!

ನನ್ನ ತಂಗಿಯ ನಿಶ್ಚಯದ ದಿನವಾದರೂ ಸುಮ್ಮನಿರಬಾರದೇ? ವರನ ತಂದೆ ಹಳೇ ಹುಬ್ಬಳ್ಳಿಯ ಕಾಳಿನ ವ್ಯಾಪಾರಿ, ಭಾರೀ ಆಳು. ಕುಳಿತಲ್ಲೇ ಏದುಸಿರು ಬಿಡುತ್ತಿದ್ದರು. ಕಾಕಾ ನೆಟ್ಟಗೆ ಹೋಗಿ ಅವರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಕಾಲಿಗೆ ಕೈ ಹಾಕಿದರು. ಬೀಗರು ಗಡಬಡಿಸಿ ಅವರ ಭುಜ ಹಿಡಿದರು.

“ಏಳ್ರಿ, ಏಳ್ರಿ! ಹೆಣ್ಣಿನ ಕಡಿಯವರು ಅಂತ ಇಷ್ಟ್ಯಾಕ ತಗ್ಗತೀರಿ?”

“ತಗ್ಗಿಲ್ರೀ, ಬಾವು ನೋಡಾಕತ್ತೇನಿ!”

ಪುಣ್ಯಕ್ಕೆ ಸಂಬಂಧ ಮುರಿಯಲಿಲ್ಲ. ನಾನು ನಾಚಿಕೆಯಿಂದ ಅಡುಗೆಮನೆ ಸೇರಿದೆ. ಅಲ್ಲಿ ಗೋಧಿ-ಬೆಲ್ಲದ ಮಾದಲಿ ಇತ್ತು. ನಾಚಿಕೆ ಕಡಿಮೆಯಾಗುವವರೆಗೂ ತಿಂದೆ.

ಗಾತ್ರದಲ್ಲಿ ನಾನೂ ಬೀಗರಿಗೆ ಸೋಲುವವನಲ್ಲ. ಮಹಡಿ ಹತ್ತಿ ಏದುಸಿರು ಬಂದರೆ ಮೆಟ್ಟಿಲು ಕಟ್ಟಿದವನನ್ನು ಬೈಯುತ್ತಿದ್ದೆ, ಬೂಟು ಬಿಗಿಯಾದರೆ ಬೂಟು ಮಾರಿದವನನ್ನು! ಕಳೆದ ವರ್ಷ ನಾಗರಪಂಚಮಿಗೆ ಉಂಡಿ ತಿನ್ನಲು ಕಾಕಾನ ಮನೆಗೆ ಹೋದೆ. ನಾನು ಬಗ್ಗಿದೆ, ಅವರೂ ಬಗ್ಗಿದರು. ಹೆಬ್ಬೆರಳು ಒತ್ತಿ ತೆಗೆದರು. ಕುಳಿ ಹಾಗೆಯೇ ಉಳಿಯಿತು.

“ಉಂಡಿ ಕೆಳಗಿಡು. ದವಾಖಾನಿಗೆ ನಡಿ.”

“ಹಬ್ಬ ಮುಗಿಸಿ ಹೋಗೂಣ್ರಿ ಕಾಕಾ.”

“ಈಗ ನಡಿ ಅಂದ್ರ ಈಗ!”

ಆಟೋದಲ್ಲಿ ದಾರಿಯುದ್ದಕ್ಕೂ ಜಗಳವಾಡಿದೆವು. ಡಾಕ್ಟರು ಸ್ಕ್ಯಾನ್ ಮಾಡಿಸಿ, ಬೊಜ್ಜಿನ ಭಾರಕ್ಕೆ ಹೃದಯದ ಸ್ನಾಯು ಸೊರಗಿದೆ, ರಕ್ತವನ್ನು ಸರಿಯಾಗಿ ತಳ್ಳುತ್ತಿಲ್ಲ, ಅದಕ್ಕೇ ಕಾಲಿನಲ್ಲಿ ನೀರು ನಿಂತು ಬಾವು ಬಂದಿದೆ, ಹೊತ್ತಿಗೆ ಸರಿಯಾಗಿ ಬಂದಿರಿ ಎಂದರು. ಕಾಕಾ ಮಂಚದ ಪಕ್ಕದಲ್ಲೇ ಪಾಠ ಶುರುಮಾಡಿದರು.

“ಎದಿಯೊಳಗಿನ ಒಂದೊಂದು ಜೀವಕೋಶನೂ ಒಂದೊಂದು ಅಡಗಿಮನಿ ಅಂತ ತಿಳಕೋ. ನೀ ದಿನಾ ಲಗ್ನದ ಸಾಮಾನು ತಂದು ಸುರೀತಿ. ಅಡಗಿ ಮಾಡಾಕಿ ಒಬ್ಬಾಕಿ. ಒಲಿ ಆರವಲ್ದು, ಮನಿತುಂಬ ಹೊಗಿ, ಮಾಡಿದ್ದು ಅರ್ಧ ಕೆಟ್ಟು ಹೋಗತೈತಿ. ಆಕಿ ಸೋತು ಕುಂತಳಂದ್ರ ಮನಿ ನಡಸಾವ್ರು ಯಾರು? ಗುಳಗಿ ತಗೋ, ತೂಕ ಇಳಸು, ಆಕಿಗೆ ಸ್ವಲ್ಪ ಉಸರಾಡಾಕ ಬಿಡು.”

“ಎಲ್ಲಾರ ಕಾಲೂ ಯಾಕ ನೋಡತೀರಿ ಕಾಕಾ?” ಎಂದೆ.

ಅವರು ಕಿಟಕಿಯ ಕಡೆ ತಿರುಗಿದರು. “ನಿಮ್ಮ ಕಾಕು ಚಪ್ಪಲಿ ಬಿಗಿ ಆಗ್ಯಾವ ಅಂದ್ಲು. ನಾ ಸಾವಿರ ಹುಡುಗರಿಗೆ ಎದಿ ಪಾಠ ಹೇಳಿದಾಂವ... ದೊಡ್ಡ ಚಪ್ಪಲಿ ತಂದುಕೊಟ್ಟೆ.”

ಅವರ ಹೆಂಡತಿ, ನಮ್ಮ ಕಾಕು, ಹೃದಯ ಸೋತು ತೀರಿಕೊಂಡು ಬಹಳ ವರ್ಷಗಳಾದವು. ಆ ಚಪ್ಪಲಿಯನ್ನು ಆಕೆ ಹೆಚ್ಚು ದಿನ ಮೆಟ್ಟಲಿಲ್ಲ.

ಈ ಪಂಚಮಿಗೆ ಮತ್ತೆ ಹೋಗಿದ್ದೆ. ತೂಕ ಇಳಿದಿದೆ, ಮೆಟ್ಟಿಲು ಕಟ್ಟಿದವನ ಮೇಲೆ ಸಿಟ್ಟಿಲ್ಲ. ನಾನು ಇವತ್ತು ನೆಟ್ಟಗೆ ಉಸಿರಾಡುತ್ತಿರುವುದು ಆ ಹೆಬ್ಬೆರಳಿನ ಪುಣ್ಯದಿಂದ. ಕಾಕಾನಿಗೆ ಈಗ ಮಂಡಿನೋವು, ಬಗ್ಗಲಾರರು. ನಮಸ್ಕಾರ ಮಾಡಿ, ಅವರ ಕುರ್ಚಿಯ ಮುಂದೆ ಸ್ಟೂಲು ಎಳೆದುಕೊಂಡು ಕುಳಿತೆ. ಹಿರಿಯರ ಮುಂದೆ ಕಾಲು ಚಾಚಬಾರದಂತೆ. ನಾನೇ ಚಾಚಿ ಅವರ ತೊಡೆಯ ಮೇಲಿಟ್ಟೆ. ಕಾಕಾ ಒತ್ತಿದರು, ತೆಗೆದರು. ಕುಳಿ ಬೀಳಲಿಲ್ಲ.

“ಒಂದು ಉಂಡಿ ತಿನ್ನು,” ಎಂದರು. ಕೈಯನ್ನು ಮಾತ್ರ ನನ್ನ ಕಾಲಿನ ಮೇಲಿಂದ ತೆಗೆಯಲಿಲ್ಲ.