ಅವರೆಕಾಯಿ ಕೌಂಟರ್

ಮಾರ್ಗಶಿರದ ಬೆಳಗು. ಚಂದಾಪುರ ದಾಟಿ ಆನೇಕಲ್ ಕಡೆಗೆ ಹೋಗುವ ರಸ್ತೆಯಲ್ಲಿ, ಸೈಟಿನ ಕಲ್ಲು ನೆಡದೆ ಉಳಿದಿದ್ದ ಒಂದೆರಡು ಹೊಲಗಳಲ್ಲಿ ಹುರುಳಿ ಕಿತ್ತಾಗಿತ್ತು. ಕಣ ಮಾಡಲು ಜಾಗವಿಲ್ಲದ್ದರಿಂದ ಚನ್ನಕ್ಕ ಆ ಗಿಡಗಳನ್ನು ಟಾರಿನ ಮೇಲೆಯೇ ಹರಡಿ, ಕಾರ್ಖಾನೆಯ ಬಸ್ಸುಗಳು ತುಳಿದುಕೊಂಡು ಹೋಗುವುದನ್ನು ಬದಿಯಲ್ಲಿ ಕುಳಿತು ನೋಡುತ್ತಿದ್ದಳು. ಅವಳ ಮುಂದೆ ಗೋಣಿತಾಟಿನ ಮೇಲೆ ಸೊಗಡವರೆಯ ರಾಶಿ. ಮಂಜಿನಲ್ಲಿ ಅದರ ವಾಸನೆ ರಸ್ತೆಯಗಲಕ್ಕೂ ನಿಂತಿತ್ತು.

ಗುರುರಾಜರ ಸ್ಕೂಟರು ಹುರುಳಿಯ ಅಂಚಿಗೆ ಬಂದು ತಡೆಯಿತು.

"ಬ್ರೇಕ್ ಆಕ್‌ಬ್ಯಾಡಿ ಮೇಷ್ಟ್ರೇ, ಅಂಗೇ ತುಳ್ಕಂಡೋಗಿ. ಪುಣ್ಯ ಬತ್ತದೆ," ಎಂದಳು ಚನ್ನಕ್ಕ.

ಗುರುರಾಜರು ತುಳಿದುಕೊಂಡೇ ಹೋದರು. ಆದರೆ ಮೂಗಿಗೆ ಬಿದ್ದ ಅವರೆಯ ವಾಸನೆ ನೇರವಾಗಿ ಹೊಟ್ಟೆಗಿಳಿದು, ಅಲ್ಲಿ ಮೊದಲೇ ಇದ್ದ ಉರಿಗೆ ಇನ್ನಷ್ಟು ತುಪ್ಪ ಹೊಯ್ದಿತು.

ಉರಿ ಹೊತ್ತಿದ್ದು ಹಿಂದಿನ ಸಂಜೆ. ಸಿಂಗಸಂದ್ರದ ಅಪಾರ್ಟ್‌ಮೆಂಟಿನಲ್ಲಿ ಸರಿಯಾಗಿ ಅವರ ತಲೆಯ ಮೇಲಿನ ಮನೆ ನಿವೇದಿತಾ ಮೇಡಂ ಅವರದು. ಇಬ್ಬರೂ ಒಂದೇ ಡಿಗ್ರಿ ಕಾಲೇಜಿನ ಕೆಮಿಸ್ಟ್ರಿ ವಿಭಾಗದವರು. ಗುರುರಾಜರು ಅಲ್ಲಿ ಸೀಮೆಸುಣ್ಣ ಹಿಡಿದೇ ತಲೆ ನರೆಸಿಕೊಂಡವರು. ಆಕೆ ಹರಿಹರದ ಕಡೆಯಿಂದ ಮೊನ್ನೆ ಮೊನ್ನೆ ಬಂದವರು. ಸಂಜೆ ಮೇಲಿನಿಂದ ಹಿತಕಿದ ಬೇಳೆ ಸಾರಿನ ಒಗ್ಗರಣೆ ಘಮ್ಮೆಂದು ಕಿಟಕಿಯಲ್ಲಿ ಇಳಿದು ಬಂದಾಗ ಗುರುರಾಜರ ಹೆಂಡತಿ ಗೌರಿ ಲಟ್ಟಣಿಗೆ ನಿಲ್ಲಿಸಿದ್ದಳು.

"ಮೇಡಂಗೆ ಹಳ್ಳಿ ಮಕ್ಳು ಚೀಲಗಟ್ಲೆ ಅವರೆಕಾಯಿ ತಂದ್ಕೊಡ್ತಾರಂತೆ ಕಣ್ರೀ. ನಿಮ್ಗೆ ಇಷ್ಟು ವರ್ಷದಲ್ಲಿ ಯಾರಾದ್ರೂ ಒಂದು ಹಿಡಿ ಕೊಟ್ಟಿದಾರಾ?"

"ನಾನು ಹೋಗೋದು ಪಾಠ ಮಾಡಕ್ಕೆ. ತರಕಾರಿ ತರಕ್ಕಲ್ಲ."

"ಆಕೆನೂ ಪಾಠಾನೇ ಮಾಡೋದು."

ಗುರುರಾಜರು ಚಪಾತಿ ಅರ್ಧಕ್ಕೇ ಬಿಟ್ಟು ಎದ್ದಿದ್ದರು.

ಇಂದು ಕಾಲೇಜಿನಲ್ಲಿ ಸಲಹೆಯ ದಿನ. ಕೊನೆಯ ವರ್ಷದ ಬಿ.ಎಸ್ಸಿ. ಕೆಮಿಸ್ಟ್ರಿ ಮಕ್ಕಳು ಮುಂದಿನ ಸೆಮಿಸ್ಟರಿಗೆ ಎರಡು ಪೇಪರುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಗುರುರಾಜರದು ವಿಶ್ಲೇಷಣೆಯ ಪೇಪರು. ತೂಗುವುದು, ಅಳೆಯುವುದು, ಬ್ಯೂರೆಟ್ಟಿನಿಂದ ಹನಿಹನಿಯಾಗಿ ಇಳಿಸಿ ಬಣ್ಣ ತಿರುಗುವ ಗಳಿಗೆಯನ್ನು ಕಾಯುವುದು. ನಿವೇದಿತಾ ಅವರದು ಔಷಧಿಗಳ ಪೇಪರು. ಹೆಸರಿಗೇ ಒಂದು ಬಿಳಿ ಕೋಟಿನ ಗತ್ತು. ಲ್ಯಾಬಿನ ಮುಂದಿನ ಪಡಸಾಲೆಯಲ್ಲಿ ಎದುರುಬದುರು ಎರಡು ಮೇಜು. ಮಕ್ಕಳು ತಮಗೆ ಬೇಕಾದವರ ಬಳಿ ಸಲಹೆ ಕೇಳಿ ಸಂಜೆ ನಾಲ್ಕರೊಳಗೆ ಮೊಬೈಲಿನಲ್ಲಿ ತಮ್ಮ ಆಯ್ಕೆ ಒತ್ತಬೇಕು.

ಪ್ರಿನ್ಸಿಪಾಲ್ ವೆಂಕಟೇಶಪ್ಪನವರು ಮೊದಲೇ ಹೇಳಿಬಿಟ್ಟಿದ್ದರು: "ಹತ್ತು ಜನ ಸೇರದ ಪೇಪರ್ ಮುಚ್ತೀನಿ. ಆ ಪೇಪರಿನ ಮೇಷ್ಟ್ರು ಬೇಸಿಗೇಲಿ ಅಡ್ಮಿಷನ್ ಕ್ಯಾನ್ವಾಸಿಂಗ್‌ಗೆ ಹೋಗ್ಬೇಕು. ಈ ಸಲ ಹರಿಹರ, ದಾವಣಗೆರೆ ಕಡೆ."

ಕ್ಯಾನ್ವಾಸಿಂಗ್ ಎಂದರೆ ಪಿಯುಸಿ ಮುಗಿಸಿದವರ ಮನೆ ಹುಡುಕಿಕೊಂಡು ಹೋಗಿ, ನಾಯಿಗಳಿಂದ ತಪ್ಪಿಸಿಕೊಂಡು, 'ನಮ್ಮ ಕಾಲೇಜಿಗೇ ಸೇರಿಸಿ' ಎಂದು ಕರಪತ್ರ ಹಿಡಿದು ಬಿಸಿಲಲ್ಲಿ ನಿಲ್ಲುವುದು. ಒಮ್ಮೆ ಹೋಗಿಬಂದ ಕನ್ನಡ ಮೇಷ್ಟ್ರು ಆಮೇಲೆ ವಸಂತ ಋತುವಿನ ಒಂದು ಪದ್ಯವನ್ನೂ ಪಾಠ ಮಾಡಿರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ನಿವೇದಿತಾರ ಮೇಜಿನ ಮುಂದಿನ ಸಾಲು ರೇಷನ್ ಅಂಗಡಿಯ ಸಾಲಿನಂತೆ ಮೆಟ್ಟಿಲಿಳಿದು ಹೋಗಿತ್ತು. ಗುರುರಾಜರ ಮೇಜಿಗೆ ಒಂದು ನೊಣ ಬಂತು. ಅದೂ ಸಲಹೆ ಕೇಳದೆ ಎದ್ದುಹೋಯಿತು. ಎದುರಿನ ಮೇಜಿನಿಂದ ಎದ್ದ ಮಕ್ಕಳು ನಗುತ್ತ ಹೋಗುತ್ತಿದ್ದವು. ಪ್ರತಿ ನಗುವಿಗೂ ಗುರುರಾಜರು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು.

ಕೊನೆಗೆ ಮುತ್ತು ಎಂಬ ಬಡಕಲು ಹುಡುಗ ಅಳುಕುತ್ತ ಬಂದ. "ಸಾರ್, ಯಾವ ಪೇಪರ್ ತಗೊಂಡ್ರೆ ಒಳ್ಳೇದು ಸಾರ್?"

ಗುರುರಾಜರಿಗೆ ಅಪ್ಪಿಕೊಳ್ಳಬೇಕೆನಿಸಿತು. ತೋರಿಸಿಕೊಳ್ಳಲಿಲ್ಲ. "ಕೂತ್ಕೋ. ಮೊದ್ಲು ಬಫರ್ ದ್ರಾವಣ ಅಂದ್ರೇನು ಹೇಳು."

"ಸಾರ್... ಪೇಪರ್ ವಿಷ್ಯ..."

"ಬಫರ್ ಗೊತ್ತಿಲ್ದೋನು ಪೇಪರ್ ತಗೊಂಡು ಏನ್ ಮಾಡ್ತೀಯ? ಹೇಳು."

ಮುತ್ತುವಿನ ಹಣೆಯಲ್ಲಿ ಬೆವರು ಹನಿಹನಿಯಾಗಿ ಇಳಿಯಿತು. "ನೀರು ಕುಡ್ಕೊಂಡ್ ಬರ್ತೀನಿ ಸಾರ್," ಎಂದು ಎದ್ದವನು ಅತ್ತಿಬೆಲೆಯಲ್ಲಿ ರಾಜ್ಯದ ಗಡಿಯನ್ನೇ ದಾಟಿದನೋ ಏನೋ, ಕಾಣಲಿಲ್ಲ.

ಆಮೇಲೆ ಮೇಘಾ ಬಂದಳು. ಮುಂದಿನ ಬೆಂಚಿನ ಹುಡುಗಿ, ಹಳ್ಳಿಯಿಂದ ಎರಡು ಬಸ್ಸು ಹಿಡಿದು ಬರುವವಳು. ಕೈಯಲ್ಲಿ ಬಟ್ಟೆಯ ಚೀಲ, ಅದರ ಬಾಯಲ್ಲಿ ಇಣುಕುವ ಅವರೆಕಾಯಿ. ಅವಳು ಗುರುರಾಜರ ಮೇಜಿನ ಮುಂದೆ ನಿಂತು, "ಸಾರ್, ಇದು..." ಎಂದಳು.

ಗುರುರಾಜರ ಕಣ್ಣು ಎದುರಿನ ಸಾಲಿನ ಮೇಲಿತ್ತು. ಚೀಲ ನೋಡುತ್ತಲೇ ಅದು ಎಲ್ಲಿಗೆ ಹೊರಟಿದೆ ಎಂದು ಅವರಿಗೆ ತಿಳಿದುಹೋಯಿತು. "ಗೊತ್ತಮ್ಮ, ಗೊತ್ತು. ಅವರೆಕಾಯಿ ಕೌಂಟರ್ ಆ ಕಡೆ. ಇಲ್ಲಿ ಬರೀ ಕೆಮಿಸ್ಟ್ರಿ."

ಮೇಘಾ ಚೀಲ ಹೊತ್ತು ಆ ಕಡೆಗೆ ಹೋದಳು. ಅವಳು ಬಗ್ಗಿ ಏನೋ ಪಿಸುಗುಟ್ಟಿದ್ದಕ್ಕೆ ನಿವೇದಿತಾ ಗುರುರಾಜರತ್ತ ನೋಡಿ ನಕ್ಕು, ಚೀಲವನ್ನು ಮೇಜಿನ ಕೆಳಗಿಟ್ಟರು. ಆ ನಗು ಅಂಗೈ ಮೇಲೆ ಬಿದ್ದ ಆ್ಯಸಿಡ್ಡಿನ ಹನಿಯಂತೆ ಚುರುಗುಟ್ಟಿತು.

ಫಿಸಿಕ್ಸಿನ ಅಮರೇಶ್ ಇಂಥ ಗಳಿಗೆಯನ್ನು ಕಾದಿದ್ದವರಂತೆ ಬಂದರು. ಲಿಂಗಸೂಗೂರಿನ ಕಡೆಯವರು, ಪರರ ಕಷ್ಟ ಕಂಡರೆ ಸುಮ್ಮನಿರಲಾರರು. "ಏನ್ರೀ ಸರ, ನಿಮ್ ಮೇಜಿನ ಮುಂದ ಕ್ರಿಕೆಟ್ ಆಡಬಹುದಲ್ರೀ!"

"ಆಡಿ. ನಾನು ಅಂಪೈರ್ ಆಗ್ತೀನಿ."

"ಸಿಟ್ಟಾಗಬ್ಯಾಡ್ರಿ. ಮಂದಿ ಇದ್ದಲ್ಲೇ ಮಂದಿ ಬರ್ತಾರ. ನೀವೂ ಒಂದು ಚೀಲ ಅವರಿಕಾಯಿ ಮೇಜಿನ ಮ್ಯಾಲ ಇಟ್ಕೊಂಡು ಕುಂದರ್ರಿ. 'ಓಹೋ, ಇವರ ಹಂತೇಕೂ ಯಾರೋ ಬಂದು ಹೋಗ್ಯಾರ' ಅಂತ ಹುಡುಗ್ರು ತಾವೇ ಬರ್ತಾವ."

"ತಲೆಹರಟೆ," ಎಂದರು ಗುರುರಾಜರು. ಅಮರೇಶ್ ಅತ್ತ ಹೋದದ್ದೇ ತಡ, ಸ್ಕೂಟರ್ ಹತ್ತಿ ಚನ್ನಕ್ಕನ ಗೋಣಿತಾಟಿನ ಮುಂದೆ ಇಳಿದರು.

"ಐದು ಕೆಜಿ ಕೊಡಮ್ಮ."

"ಅಷ್ಟೊಂದಾ? ಮನೇಲಿ ಮದುವೆಯಾ ಮೇಷ್ಟ್ರೇ?"

"ಬೇಗ ತೂಗು."

ಚೀಲ ಮೇಜಿನ ಮೇಲೆ ಕುಳಿತಿತು. ಮೊದಲು ಬಂದವರು ವಿದ್ಯಾರ್ಥಿಗಳಲ್ಲ, ಲೈಬ್ರರಿಯ ಕಮಲಮ್ಮ.

"ಕೆಜಿ ಹೆಂಗೆ ಕೊಡ್ತಿದೀರಾ ಸಾರ್?"

"ಮಾರಕ್ಕಲ್ಲ ಮೇಡಂ. ಮಕ್ಳು ಪ್ರೀತಿಯಿಂದ ತಂದ್ಕೊಟ್ಟಿದ್ದು."

"ನಿಮಗಾ?"

ಆ ಒಂದು ಮಾತಿನಲ್ಲಿದ್ದ ಆಶ್ಚರ್ಯವನ್ನು ಗುರುರಾಜರು ಕಷ್ಟಪಟ್ಟು ನುಂಗಿದರು. ಕಮಲಮ್ಮ ಕುರ್ಚಿ ಎಳೆದು ಕೂತು, ಒಂದು ಕಾಯಿ ಬಿಡಿಸಿ ಮೂಸಿ, "ಸೊಗಡು ಚೆನ್ನಾಗಿದೆ, ಆದ್ರೆ ಹುಳ ಇದೆ. ನೋಡ್ಕೊಂಡು ಸುಲೀಬೇಕು," ಎಂದು ತಾವೇ ಸುಲಿಯತೊಡಗಿದರು. ಪರೀಕ್ಷಾ ವಿಭಾಗದವರು ಇಬ್ಬರು ಕೂಡಿಕೊಂಡರು. ಸ್ವಲ್ಪ ಹೊತ್ತಿಗೆ ಗುರುರಾಜರ ಮೇಜಿನ ಸುತ್ತ ಜನವೋ ಜನ. ಅಮರೇಶ್ ದೂರದಿಂದಲೇ ಹೆಬ್ಬೆರಳು ತೋರಿಸಿದರು. ಆದರೆ ಒಬ್ಬನೂ ವಿದ್ಯಾರ್ಥಿಯಲ್ಲ. ಎಲ್ಲರ ಬಾಯಲ್ಲೂ ಉಪ್ಪಿಟ್ಟಿಗೆ ಅವರೆಕಾಳು ಯಾವಾಗ ಹಾಕಬೇಕೆಂಬ ಚರ್ಚೆ. ಇದನ್ನು ನೋಡಿದ ಮಕ್ಕಳು ಸ್ಟಾಫ್ ಮೀಟಿಂಗ್ ಇರಬೇಕೆಂದು ಇನ್ನೂ ದೂರ ಸರಿದವು.

ಅಷ್ಟರಲ್ಲಿ ಲ್ಯಾಬಿನ ಅಟೆಂಡರ್ ದ್ಯಾಮಣ್ಣ ಒಂದು ಹೆಲ್ಮೆಟ್ಟು ಎತ್ತಿ ಹಿಡಿದು ಪಡಸಾಲೆಯ ಆ ತುದಿಯಿಂದಲೇ ಕೂಗಿದ. "ಗುರುರಾಜ್ ಸಾರ್! ಅವರೆಕಾಯಿ ತಗೊಳ್ಳೋವಾಗ ಮರೆತು ಬಂದ್ರಂತೆ, ಚನ್ನಕ್ಕ ಗೇಟಲ್ಲಿ ಕೊಟ್ಟೋದ್ಲು. ಸಾಲ್ದೆ ಬಂದ್ರೆ ಇನ್ನೂ ಐತಂತೆ ಸಾರ್!"

ಪಡಸಾಲೆಯ ತಲೆಗಳೆಲ್ಲ ಚೀಲದತ್ತ ತಿರುಗಿದವು. ಕಮಲಮ್ಮ ಸುಲಿದ ಕಾಳನ್ನು ಮಡಿಲಲ್ಲೇ ಹಿಡಿದು ಕೇಳಿದರು. "ಮಕ್ಳು ತಂದ್ಕೊಟ್ರು ಅಂದ್ರಲ್ಲ ಸಾರ್?"

ಗುರುರಾಜರು ಹೆಲ್ಮೆಟ್ಟು ಇಸಿದುಕೊಂಡು, ಅದನ್ನು ಹಾಕಿಕೊಂಡೇ ಲ್ಯಾಬಿನೊಳಗೆ ಹೋಗಿಬಿಟ್ಟರು. ಮುಖ ಮುಚ್ಚಿಕೊಳ್ಳಲು ಬೇರೇನೂ ಇರಲಿಲ್ಲ.

ಲ್ಯಾಬಿನ ಕಿಟಕಿ ಸರಿಯಾಗಿ ನಿವೇದಿತಾರ ಕುರ್ಚಿಯ ಹಿಂದೆ. ಗುರುರಾಜರು ಸೀಸೆಗಳ ಲೇಬಲ್ ಓದುವವರಂತೆ ಅಲ್ಲಿ ನಿಂತು, ಹೆಲ್ಮೆಟ್ಟು ತೆಗೆದು, ಕಿವಿಗೊಟ್ಟರು. "ಗುರುರಾಜ್ ಸಾರ್ ಬೈತಾರೆ..." ಎಂಬ ನಿವೇದಿತಾರ ಮಾತು ಕೇಳಿತು. ಮುಂದಿನದನ್ನು ಎಗ್ಸಾಸ್ಟ್ ಫ್ಯಾನು ನುಂಗಿಹಾಕಿತು. ಮಕ್ಕಳ ನಗುವನ್ನು ಮಾತ್ರ ಪೂರ್ತಿಯಾಗಿ ಈಚೆ ಬಿಟ್ಟಿತು.

ಸರಿ ಹಾಗಾದರೆ, ಎಂದುಕೊಂಡರು ಗುರುರಾಜರು. ನನ್ನ ಮೇಲೆ ಚಾಡಿ ಹೇಳಿ ಮಕ್ಕಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಾಳೆ. ಕೂಡಿಸಿಕೊಳ್ಳಲಿ. ಕೂಡಿದ ಮೇಲೆ ಹೊತ್ತುಕೊಂಡು ಹೋಗುವವನು ನಾನು.

ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದರು. "ಸಾರ್, ಈ ಕಾಲೇಜಲ್ಲಿ ಸೀನಿಯಾರಿಟಿ ಅನ್ನೋದು ಇದೆಯೋ ಇಲ್ವೋ?"

ವೆಂಕಟೇಶಪ್ಪನವರು ಚಹಾದ ಲೋಟ ಕೆಳಗಿಟ್ಟರು. "ಇದೆ. ಏನಾಯ್ತು?"

"ಔಷಧಿ ಪೇಪರ್ ಅಂದ್ರೆ ಹುಡುಗಾಟ ಅಲ್ಲ ಸಾರ್. ಅದನ್ನ ಸೀನಿಯರ್ ಆದವನು ತಗೋಬೇಕು. ನಾನು ತಗೋತೀನಿ. ನನ್ನ ಪೇಪರ್ ಮೇಡಂ ಮಾಡ್ಲಿ."

ನಿವೇದಿತಾರನ್ನು ಕರೆಸಿದರು. ಮಾತು ಕೇಳಿ ಆಕೆಯ ಮುಖ ಇಳಿದುಹೋಯಿತು. "ನಾಲ್ಕು ಗಂಟೆ ತನಕ ತಡಕೊಳ್ರಿ ಸಾರ್. ಮಕ್ಳು ಒತ್ತೋದು ಮುಗೀಲಿ, ಆಮೇಲೆ ನೋಡಿದ್ರಾಗಲ್ವಾ?"

ಆ ಇಳಿದ ಮುಖ ಗುರುರಾಜರಿಗೆ ಹಿತಕಿದ ಬೇಳೆ ಸಾರಿಗಿಂತ ರುಚಿಯಾಗಿತ್ತು. "ಈಗ್ಲೇ ಆಗ್ಬೇಕು."

"ಆಮೇಲೆ ಬದಲಾಯಿಸಿ ಅಂತ ಬರಬಾರ್ದು ನೋಡಿ," ಎಂದರು ಪ್ರಿನ್ಸಿಪಾಲರು.

"ನಾನಾ? ಜನ್ಮದಲ್ಲಿ ಬರಲ್ಲ."

"ನಿಮ್ಮಿಷ್ಟ ಸಾರ್," ಎಂದು ನಿವೇದಿತಾ ನಿಟ್ಟುಸಿರಿಟ್ಟರು. ಪ್ರಿನ್ಸಿಪಾಲರು ಅಲ್ಲೇ ಆದೇಶ ಮಾಡಿ ಸಹಿ ಹಾಕಿದರು.

ಗೆದ್ದ ಹುಂಜದಂತೆ ಹೊರಬಂದ ಗುರುರಾಜರಿಗೆ ನೀರಿನ ಡ್ರಮ್ಮಿನ ಹಿಂದೆ ಮುತ್ತು ಸಿಕ್ಕಿಬಿದ್ದ. ಅವನು ಓಡುವ ಮೊದಲೇ ಹೆಗಲ ಮೇಲೆ ಕೈಯಿಟ್ಟರು. "ಬಫರ್ ಹಾಳಾಗ್ಲಿ ಬಿಡೋ. ಔಷಧಿ ಪೇಪರ್ ಒತ್ತು. ಕಣ್ಮುಚ್ಚಿಕೊಂಡು ಒತ್ತು."

"ಆದ್ರೆ ಸಾರ್, ಎಲ್ರೂ..."

"ಸಲಹೆ ಕೇಳಿದ್ದು ನೀನು, ಕೊಟ್ಟಿದ್ದು ನಾನು. ಒತ್ತು."

ಮುತ್ತು ಅವರ ಕಣ್ಣೆದುರಿಗೇ ಒತ್ತಿದ.

ನಾಲ್ಕು ಗಂಟೆಗೆ ಪ್ರಿನ್ಸಿಪಾಲರು ಕಂಪ್ಯೂಟರಿನ ಮುಂದೆ ಕನ್ನಡಕ ಏರಿಸಿದರು. "ವಿಶ್ಲೇಷಣೆ, ನಲವತ್ತೊಂದು. ಔಷಧಿ, ಒಂದು."

"ನಲವತ್ತೊಂದು!" ಗುರುರಾಜರು ಕುರ್ಚಿಯಿಂದ ಎದ್ದೇಬಿಟ್ಟರು. "ನನ್ನ ಪೇಪರಿಗೆ!"

"ನಿಮ್ಮದಾಗಿತ್ತು," ಎಂದರು ವೆಂಕಟೇಶಪ್ಪನವರು. "ಮಧ್ಯಾಹ್ನದಿಂದ ಮೇಡಂದು. ನಿಮ್ಮದು ಔಷಧಿ. ಅದು ಮುಚ್ತು."

ಗುರುರಾಜರು ಎದ್ದಷ್ಟೇ ಬೇಗ ಕೂತರು. "ಆ ಒಂದು ಯಾರು ಸಾರ್?"

"ಮುತ್ತು ಅಂತೆ."

ಅವರ ಇಷ್ಟು ವರ್ಷದ ಮೇಷ್ಟ್ರಿಕೆಯಲ್ಲಿ ಸಲಹೆಯನ್ನು ಹೇಳಿದ ಹಾಗೆಯೇ ಪಾಲಿಸಿದ ಒಬ್ಬನೇ ವಿದ್ಯಾರ್ಥಿ.

ಹೊರಗೆ ಪಡಸಾಲೆಯಲ್ಲಿ ನಿವೇದಿತಾ ಕಾಯುತ್ತಿದ್ದರು. ಬೆಳಗಿನಿಂದ ಮಾತಾಡಿ ಗಂಟಲು ಕಟ್ಟಿತ್ತು. "ಏನ್ ಕೆಲ್ಸ ಮಾಡ್ಕೊಂಡ್ರಿ ಸಾರ್. ಬೊಮ್ಮಸಂದ್ರ, ಜಿಗಣಿ ಕಂಪನಿಯವ್ರು ಇಂಟರ್‌ವ್ಯೂನಾಗೆ ಕೇಳೋದೆಲ್ಲ ನಿಮ್ಮ ಅಳತೆ ಕೆಲ್ಸಾನೇ. ಬೆಳಿಗ್ಗೆಯಿಂದ ಒಬ್ಬೊಬ್ಬರಿಗೂ ಅದನ್ನೇ ಹೇಳ್ದೆ. 'ಗುರುರಾಜ್ ಸಾರ್ ಬೈತಾರೆ, ಬೈಸ್ಕೊಳ್ರಿ, ಬೈಸ್ಕೊಂಡೋರೆಲ್ಲ ಕೆಲ್ಸ ಹಿಡಿದಾರೆ' ಅಂತ."

ಗುರುರಾಜರು ಹೆಲ್ಮೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಹಾಗ್ ಹೇಳಿದ್ರೆ ನಿಮ್ಮ ಪೇಪರ್ ಮುಚ್ಚಲ್ವಾ?"

"ಮುಚ್ಚಲಿ ಅಂತಾನೇ ಇದ್ದೆ!" ಎಂದರು ನಿವೇದಿತಾ. "ಹರಿಹರ ನನ್ನ ತವರು. ಕಾಲೇಜಿನ ಕೆಲ್ಸದ ಮೇಲೆ ಹೋಗಿ ಬೇಸಿಗೆ ಪೂರ್ತಿ ಅಮ್ಮನ ಮನೇಲಿ ಇರಬಹುದು ಅಂತ ಮಾಡಿದ್ದೆ. ಅದನ್ನೂ ನೀವೇ ಕಿತ್ಕೊಂಡ್ರಲ್ಲ."

ಆಮೇಲೆ ಬಗ್ಗಿ ಮೇಜಿನ ಕೆಳಗಿನಿಂದ ಬಟ್ಟೆಯ ಚೀಲ ತೆಗೆದು ಗುರುರಾಜರ ಕೈಗಿಟ್ಟರು. "ತಗೊಳ್ರಿ, ಇದು ನಿಮ್ಮದೇ. ಟೈಟ್ರೇಷನ್ ಕಲಿಸಿದ್ದಕ್ಕೆ ಅಂತ ಮೇಘಾ ತಂದಿದ್ಲು. ನೀವು ಕೌಂಟರ್ ಆ ಕಡೆ ಅಂದ್ರಂತೆ. 'ನೀವೇ ಕೊಟ್ಬಿಡಿ ಮೇಡಂ, ನಂಗೆ ಭಯ' ಅಂದ್ಲು."

ಗುರುರಾಜರ ಬಾಯಿಗೆ ಒಂದು ಒಳ್ಳೆಯ ಮಾತು ಬಂತು. ತುಟಿಯ ತನಕವೂ ಬಂತು. ಅಷ್ಟರಲ್ಲಿ ಮೆಟ್ಟಿಲ ಕೆಳಗಿನಿಂದ ಮಕ್ಕಳು, "ಬಾಯ್ ಮೇಡಂ!" ಎಂದು ಒಟ್ಟಿಗೆ ಕೂಗಿದವು. 'ಬಾಯ್ ಸಾರ್' ಎಂದು ಒಂದೂ ಅನ್ನಲಿಲ್ಲ. ತುಟಿಯ ತನಕ ಬಂದ ಮಾತು ತಿರುಗಿ ಒಳಗೆ ಹೋಯಿತು.

ಸಂಜೆ ಸಿಂಗಸಂದ್ರದ ಮನೆಯಲ್ಲಿ ಎರಡು ಚೀಲ ಕಂಡು ಗೌರಿ ಹಿಗ್ಗಿದಳು. ಗಂಡ ಬೇಸಿಗೆಯ ಸುದ್ದಿ ಹೇಳಿದ ಮೇಲೆ ಅಷ್ಟೇ ಹೊತ್ತು ಹಣೆ ಚಚ್ಚಿಕೊಂಡಳು. ಇಬ್ಬರೂ ನೆಲದ ಮೇಲೆ ಪೇಪರು ಹಾಸಿ ಕೂತು ಸುಲಿದರು, ನೆನೆಹಾಕಿದರು, ಮರುದಿನ ಬೆಳಿಗ್ಗೆ ಹಿತಕಿದರು. ಈ ಸಲ ಒಗ್ಗರಣೆಯ ಘಮ ಕೆಳಗಿನಿಂದ ಮೇಲಕ್ಕೆ ಹತ್ತಿತು.

ಗೌರಿ ಸಾರನ್ನು ಎರಡು ಡಬ್ಬಿಗೆ ತುಂಬಿದಳು. "ಒಂದು ನಿಮ್ಮ ಊಟಕ್ಕೆ. ಇನ್ನೊಂದು ಮೇಡಂಗೆ. ಕಾಲೇಜಿಗೆ ಹೋಗೋ ಮುಂಚೆ ಮೇಲೆ ಹೋಗಿ ಕೊಟ್ಟು, ಬಾಯಿ ಬಿಟ್ಟು ಒಂದು ಥ್ಯಾಂಕ್ಸ್ ಹೇಳಿ ಬನ್ನಿ. ಅಷ್ಟು ಋಣ ಆದ್ರೂ ತೀರ್ಲಿ."

ಗುರುರಾಜರು ಎರಡೂ ಡಬ್ಬಿ ಹಿಡಿದು ಬಾಗಿಲ ತನಕ ಹೋದರು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟರು. ಅಲ್ಲಿಯೇ ನಿಂತು ಎಡಗೈಯ ಡಬ್ಬಿ ನೋಡಿದರು, ಬಲಗೈಯ ಡಬ್ಬಿ ನೋಡಿದರು, ಎರಡನ್ನೂ ತೂಗಿ ನೋಡಿದರು. ಎಷ್ಟಾದರೂ ವಿಶ್ಲೇಷಣೆಯ ಮೇಷ್ಟ್ರು.

ಇಟ್ಟ ಕಾಲನ್ನು ಹಿಂದಕ್ಕೆ ತೆಗೆದು ಮನೆಯೊಳಗೆ ಕೂಗಿದರು.

"ಲೇ ಗೌರಿ, ಮೇಡಂ ಡಬ್ಬಿ ಯಾಕೆ ದೊಡ್ಡದು?"